ಅಳಿಸಿದ ಚುಕ್ಕೆ

ಹೊಸಕೋಡಿ, ಚಂದ್ರ
ಇಸವಿ ೨೪೧೭, ಫೆಬ್ರವರಿ ೩೦

ಸೂರ್ಯನ ರೇಡಿಯೋ ಸದ್ದನ್ನು ಆಲಿಸುವ ಹಿರಿಯರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾಲ್ಕು ನೂರು ವರ್ಷದಲ್ಲಿ ಕನ್ನಡವೂ ಒಂದಿಷ್ಟು ಸವೆದಿದೆ.

ನಾನು ಕಿವಿಮನೆಯಲ್ಲಿ ಕೆಲಸ ಮಾಡುವವಳು. ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಹೊಮ್ಮುವ ರೇಡಿಯೋ ಸದ್ದು ಯಾವ ಜಾಗದಲ್ಲಿ ಹುಟ್ಟಿತೆಂದು ನಕ್ಷೆಯಲ್ಲಿ ಚುಕ್ಕೆ ಇಡುವ ಮನೆಯನ್ನು ನಾವು ಹಾಗೆ ಕರೆಯುತ್ತೇವೆ. ಸದ್ದು ಸೂರ್ಯನ ಬಲಮಗ್ಗುಲಿನದಾದರೆ ವಿಷಕಿರಣ ನಮ್ಮತ್ತ ಬರುತ್ತದೆ. ಹೊರಗಿರುವವರೆಲ್ಲ ನೆಲಗೂಡಿಗೆ, ಅಂದರೆ ಮಣ್ಣಿನಡಿಯ ಕೋಣೆಗೆ, ಇಳಿಯಬೇಕು. ಎಡ ಅಂಚಿನದಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೆಣಸಿನ ಗಿಡಕ್ಕೆ ನೀರು ಬಿಡುತ್ತಾರೆ, ಮುದ್ದೆ ತಿರುವುತ್ತಾರೆ. ಇಲ್ಲಿ ಮುದ್ದೆಗೆ ತೂಕವೇ ಇಲ್ಲ, ಉಂಡ ಹಾಗೇ ಅನ್ನಿಸುವುದಿಲ್ಲ ಎಂದು ನನ್ನ ತಂಗಿ ಚಂಪಕ ದಿನಾ ಗೊಣಗುತ್ತಿದ್ದಳು. ಅವಳದು ಹೊರಗೆ ಕೊಳವೆ ಜೋಡಿಸುವ ಕೆಲಸ.

ಹೋದ ತಿಂಗಳು ಎಡ ಅಂಚಿನಲ್ಲಿ ಜ್ವಾಲೆ ಮಿಂಚಿತು. ಸದ್ದಿನ ಚುಕ್ಕೆ ಮಾತ್ರ ಅಲ್ಲಿ ಬೀಳಲಿಲ್ಲ. ಬಹಳ ಮೇಲೆ, ಬಲಮಗ್ಗುಲಿಗೆ ಸರಿದು ಬಿತ್ತು. ಬೆಳಕು ಕಂಡಲ್ಲೇ ಸದ್ದೂ ಹುಟ್ಟಬೇಕು, ಬೇರೆಡೆ ಕಂಡರೆ ಅದು ಉಪಕರಣದ ತಪ್ಪು ಎಂಬುದು ನಮಗೆ ತಲೆತಲಾಂತರದಿಂದ ಬಂದ ಪಾಠ. ಚುಕ್ಕೆಯನ್ನು ಅಳಿಸಿಬಿಟ್ಟೆ. ಅಷ್ಟರಲ್ಲಿ ಹೊರಗಿಂದ ಚಂಪಕ ಕೇಳಿದಳು: "ಒಳಕ್ಕೆ ಬರ್ಲೇನಕ್ಕಾ? ಇನ್ನೆರಡೇ ಕೊಳವೆ ಉಳಿದಿರೋದು."

"ಮುಗಿಸ್ಕೊಂಡೇ ಬಾರೆ, ಏನೂ ಇಲ್ಲ," ಅಂದೆ.

ಇಪ್ಪತ್ತು ನಿಮಿಷಕ್ಕೆ ಕಿರಣ ಬಂತು, ಚಂಪಕ ಇನ್ನೂ ಹೊರಗೇ ಇದ್ದಳು. ಒಂಬತ್ತು ದಿನ ಬದುಕಿದಳು. ಒಂದು ಸಲವೂ ನನ್ನನ್ನು ಬೈಯಲಿಲ್ಲ, ಹಾಳಾದವಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಹಳೆಯ ದಾಖಲೆಗಳನ್ನೆಲ್ಲ ಹರಡಿಕೊಂಡು ಕೂತೆ. ನಿಮ್ಮ ಕಾಲದವರೆಗೂ ಹೋದೆ. ಬೆಳಕಿನಿಂದ ದೂರ ಬಿದ್ದ ಚುಕ್ಕೆ ಒಂದೂ ಇಲ್ಲ. ಅವುಗಳ ಜಾಗದಲ್ಲಿ 'ತಪ್ಪು, ಕೈಬಿಟ್ಟಿದೆ' ಎಂಬ ಟಿಪ್ಪಣಿ ಮಾತ್ರ. ಸಿಡಿದ ಬಿಸಿ ಅನಿಲದ ಮೋಡ ಮೇಲೇರಿ, ಹರಡಿ, ಎಲ್ಲೋ ದೂರದಲ್ಲಿ ಬಡಿದರೆ ಅಲ್ಲಿಯೂ ಸದ್ದು ಹುಟ್ಟುತ್ತದೆ, ವಿಷಕಿರಣವೂ ಅಲ್ಲಿಂದಲೇ ಹೊರಡುತ್ತದೆ ಎಂದು ಈಗ ಲೆಕ್ಕ ಹಾಕಿ ತಿಳಿದುಕೊಂಡಿದ್ದೇನೆ. ನಿಮ್ಮನ್ನು ದೂರುತ್ತಿಲ್ಲ. ಆ ದಿನ ಅಳಿಸಿದ ಕೈ ನನ್ನದೇ.

ಒಂದೇ ಕೋರಿಕೆ. ಬೆಳಕು ಒಂದು ಕಡೆ, ಸದ್ದು ಇನ್ನೊಂದು ಕಡೆ ಕಂಡ ದಿನ, ಅರ್ಥವಾಗದಿದ್ದರೂ ಸರಿ, ಆ ಚುಕ್ಕೆಯನ್ನು ಇದ್ದಲ್ಲೇ ಬಿಡಿ. ಅಂಥದ್ದು ಒಂದು, ಒಂದೇ ಒಂದು, ನನ್ನ ಕಣ್ಣಿಗೆ ಬಿದ್ದಿದ್ದರೆ ಸಾಕಿತ್ತು. "ಎಲ್ಲ ಬಿಟ್ಟು ಓಡಿ ಬಾರೆ" ಅಂದಿರುತ್ತಿದ್ದೆ.