ಗುಂಯ್ ಅನ್ನೋದನ್ನ ಆರಿಸಬೇಡ

ಅಪ್ಪಾ,

ಗ್ಯಾರೇಜಿಗೆ ಹೊರಟೆ. ಕಾರು ಸರಿಮಾಡಿದೀನಿ, ತಗೊಂಡು ಹೋಗು. ಕೀ ಫ್ರಿಜ್ ಮೇಲಿದೆ.

ಎಂಜಿನ್‌ಗೆ ಜಾಸ್ತಿ ಗಾಳಿ ತುರುಕೋಕೆ ನಾನು ಕೂರಿಸಿರೋ ಟರ್ಬೊ ಕಾರಿನ ಡಿಕ್ಕಿ ಕೆಳಗೆ, ಎಂಜಿನ್‌ಗಿಂತ ತಗ್ಗಲ್ಲಿದೆ. ಅಲ್ಲಿಗೆ ಹೋದ ಆಯಿಲ್ ತಾನಾಗೇ ಮೇಲೆ ಹತ್ತಲ್ಲ, ಪುಟ್ಟ ಪಂಪು ಎಳೆದು ವಾಪಸ್ ಕಳಿಸಬೇಕು. ಎಂಜಿನ್ ನಿಂತ ಮೇಲೂ ಗುಂಯ್ ಅನ್ನೋದು ಅದೇ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲತ್ತೆ. ಮನೇಲಿ ನಾನು ಬಿಟ್ಟ ದೀಪ ಆರಿಸೋ ಹಾಗೇ, ಬ್ಯಾಟರಿ ದಂಡ ಅಂತ ನೀನು ಅದರ ಸ್ವಿಚ್ಚನ್ನೂ ಆರಿಸಿಬಿಟ್ಟೆ, ಟರ್ಬೊಲಿ ಆಯಿಲ್ ತುಂಬಿ ಹೊಗೆ ಬಂತು.

ಇದನ್ನ ಮೊದಲೇ ಹೇಳಬೇಕಿತ್ತು. ಹೇಳದೆ, ನಿನ್ನೆ ಬೀದಿಯವರ ಮುಂದೆ ನಿನ್ನ ಮೇಲೆ ಎಗರಾಡಿದೆ.

ಬೆಳಿಗ್ಗೆ ಎದ್ದು ನೋಡಿದ್ರೆ ಮನೆ ದೀಪ ಎಲ್ಲಾ ಉರೀತಿತ್ತು, ಬಚ್ಚಲದ್ದೂ. ನೀನು ಒಂದು ಸ್ವಿಚ್ಚೂ ಮುಟ್ಟಿರಲಿಲ್ಲ.

ಪಂಪಿನ ಸ್ವಿಚ್ಚಿಗೆ ಕೆಂಪು ಟೇಪ್ ಹಚ್ಚಿದೀನಿ. ಅದೊಂದು ಬಿಟ್ಟು ಎಲ್ಲಾ ಆರಿಸಪ್ಪ. ಮೊದಲಿನ ಹಾಗೆ ನಂಗೆ ಬೈಕೊಂಡೇ ಆರಿಸು.