ಖಾಲಿ ಸೀಟಿನ ಬೆಲ್ಟು

ಯೂನಿಯನ್ ಸಿಟಿ

ವಕೀಲರಾದ ದ್ವಾರಕಾನಾಥ ಅವರಿಗೆ ಗಾರ್ಗಿಯ ನಮಸ್ಕಾರಗಳು.

ನಮ್ಮ ಹೊಸ ಎಸ್‌ಯುವಿಯನ್ನು, ರಿಪೇರಿಯಾಗದ ಹೊಸ ಕಾರನ್ನು ಕಂಪನಿಯೇ ವಾಪಸು ಪಡೆಯಬೇಕೆನ್ನುವ ಲೆಮನ್ ಲಾ ಅನ್ವಯ, ಮರಳಿಸುವ ಅರ್ಜಿಯನ್ನು ನಾನೇ ಬರೆದು ತಮ್ಮ ಮೂಲಕ ಸಲ್ಲಿಸಿದ್ದೆ. ಲಾ ಸ್ಕೂಲಿನಲ್ಲಿ ತರಗತಿಗೇ ಮೊದಲಿಗಳಾದ ನನಗೆ ಅದು ಗೆಲ್ಲುವುದೆಂಬುದರಲ್ಲಿ ಈಗಲೂ ಸಂಶಯವಿಲ್ಲ. ಅಜ್ಜಿ ತೀರಿಕೊಂಡ ವಾರದಿಂದ, ಅವರು ಕೂರುತ್ತಿದ್ದ ಹಿಂದಿನ ಎಡ ಸೀಟು ಖಾಲಿಯಿದ್ದರೂ ಬೆಲ್ಟು ಹಾಕಿರೆಂದು ಕಾರು ಗಂಟೆ ಬಾರಿಸುತ್ತಿದೆ. ಸರ್ವಿಸಿನವರು ನಾಲ್ಕು ಸಲ ರಿಪೇರಿ ಮಾಡಿದರು, ಕೊನೆಗೆ ಸೀಟನ್ನೇ ಬದಲಿಸಿದರು. ಅಮ್ಮ ಮಾತ್ರ ಖಾಲಿ ಸೀಟಿಗೆ ಬೆಲ್ಟು ಬಿಗಿದು ಆಫೀಸಿಗೆ ಹೋಗುತ್ತಾರೆ. ಕಾರನ್ನು ಬಿಟ್ಟುಕೊಡಬೇಡವೆಂದು ಅಳುತ್ತಾರೆ.

ಅದು ಬರಿಯ ದೋಷವೆಂದು ಅವರಿಗೆ ಸಾಧಿಸಿ ತೋರಿಸಲು, ನಿನ್ನೆ ಬೆಳಿಗ್ಗೆ ಅಮ್ಮ ಕಾರು ಓಡಿಸುತ್ತ ಸ್ಯಾನ್ ಹೊಸೆಗೆ ಹೊರಟಾಗ ನಾನೇ ಅಜ್ಜಿಯ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡೆ. ಗಂಟೆ ನಿಂತಿತು. ಮರುಕ್ಷಣವೇ ಪಕ್ಕದ ನಡುಸೀಟಿಗೆ ಬೆಲ್ಟು ಹಾಕಿರೆಂದು ಮತ್ತೆ ಬಾರಿಸಿತು. ಆ ಸೀಟಿನ ಬಗ್ಗೆ ಈವರೆಗೆ ಯಾವ ದೂರೂ ಇರಲಿಲ್ಲ.

“ನಿಂಗೆ ಜಾಗ ಬಿಟ್ಟು ಅಜ್ಜಿ ಆ ಕಡೆ ಸರ್ಕೊಂಡಿದಾರೆ ಕಣೇ,” ಎಂದರು ಅಮ್ಮ. “ಬೆಲ್ಟು ಹಾಕು, ಫ್ರೀವೇ ಬಂತು.”

ನಾನು ಹಾಕಿದೆ. ಎಷ್ಟು ಬಿಗಿದರೂ ಬೆಲ್ಟು ಆ ಖಾಲಿ ಸೀಟಿನ ಬೆನ್ನನ್ನು ಮುಟ್ಟಲಿಲ್ಲ.

ಅರ್ಜಿಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಕಾರಣ ಕೇಳಿದರೆ, ಮಾಲೀಕರಿಗೆ ತೃಪ್ತಿಯಿದೆ ಎಂದಷ್ಟೇ ಬರೆಯಿರಿ.

ಇಂತು ತಮ್ಮ,
ಗಾರ್ಗಿ