ಧನಕವಡಿಯ ಅದೇ ಕಾರ್ಯಾಲಯ

ಪುಣೆ
೭ ಆಗಸ್ಟ್ ೨೦೦೨

ಅವ್ವಾ,

ನಿನ್ನ ಕಾಲಿಗೆ ನಮಸ್ಕಾರ ಮಾಡಿ, ತಲೆ ಎತ್ತುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಂಪನಿಯ ಇಪ್ಪತ್ತೈದನೇ ವರ್ಷದ ಸಮಾರಂಭವನ್ನು ಧನಕವಡಿಯ ಆ ಮಂಗಲ ಕಾರ್ಯಾಲಯದಲ್ಲೇ ಮಾಡಿಸಿದೆ. ಹೌದು, ಅದೇ. ಅಕ್ಕಿಕಾಳು ಬೀಳುವ ಮುಹೂರ್ತದ ಹೊತ್ತಿಗೆ, ಹುಡುಗ ಬರುವುದಿಲ್ಲ ಎಂಬ ಸುದ್ದಿ ಬಂದು ನನ್ನ ಮದುವೆ ನಿಂತ ಜಾಗ. ಫೋನಿನಲ್ಲಿ ಹೇಳಿದ್ದರೆ ನೀನು ನಡುವೆಯೇ ಅಳುತ್ತಿದ್ದೆ, ಮಾಂತು ತಮ್ಮನಾದರೂ ಅಣ್ಣನ ಹಾಗೆ ಬೈಯುತ್ತಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ, ಊಟ, ಮಂಟಪ ಎಲ್ಲ ಆರಿಸುವ ಜವಾಬ್ದಾರಿ ಮೊದಲ ಸಲ ನನ್ನ ಮೇಲೆ ಬಿದ್ದಿತ್ತು. ನಮ್ಮ ಮಾಲೀಕರು ದೇವಾನಂದ ಸಾಹೇಬರ ಮನಸ್ಸಿನಲ್ಲಿದ್ದದ್ದು ಲೋಣಾವಳಾದ ರೆಸಾರ್ಟು. ಹೋಗಿ ನೋಡಿದೆ. ಚಂದವೇನೋ ಚಂದ, ಆದರೆ ಆ ಮಳೆಯಲ್ಲಿ ಕೆಲಸಗಾರರ ಹೆಂಡಂದಿರು ಕೂಸುಗಳನ್ನು ಕಟ್ಟಿಕೊಂಡು ಘಾಟಿಗೆ ಬರುವುದು ಹೇಗೆ? ಊರೊಳಗಿನ ದೊಡ್ಡ ಹೋಟೆಲಿಗೆ ಹೋದರೆ ಬಾಗಿಲಲ್ಲಿ ನಿಂತವನು ನನ್ನ ಚಪ್ಪಲಿ ನೋಡಿದ. ನನ್ನನ್ನೇ ಹೀಗೆ ನೋಡುವವನು ನಮ್ಮ ಫೌಂಡ್ರಿಯಲ್ಲಿ ಎರಕ ಹೊಯ್ಯುವ ಜಟ್ಟೆಪ್ಪ ಕಾಕಾನನ್ನು ಹೇಗೆ ನೋಡಿಯಾನು ಅನ್ನಿಸಿತು. ಚಾತುರ್ಮಾಸದಲ್ಲಿ ಮದುವೆಗಳಿಲ್ಲ, ಕಾರ್ಯಾಲಯಗಳೆಲ್ಲ ಖಾಲಿ. ಆದರೆ ಕಾರ್ಖಾನೆಗೆ ಹತ್ತಿರ, ದೊಡ್ಡ ಅಡುಗೆಮನೆ, ಬಸ್ಸು ನಿಲ್ಲಲು ಅಂಗಳ ಎಲ್ಲವೂ ಇದ್ದದ್ದು ಅದೊಂದರಲ್ಲೇ. ಬೇರೆ ಸಿಗಲಿ ಅಂತ ಹುಡುಕಿದೆ ಅವ್ವಾ, ಸುಳ್ಳು ಹೇಳುವುದಿಲ್ಲ. ಸಿಗಲಿಲ್ಲ.

ಅಲ್ಲಿಯ ಮ್ಯಾನೇಜರ್ ಪ್ರಲ್ಹಾದರಾವ್ ನನ್ನ ಗುರುತು ಹಿಡಿದರು. ಕೀಲಿಕೈ ಹಿಡಿದುಕೊಂಡು ನಿಂತೇಬಿಟ್ಟರು. ಪರಿಚಯದವರದು ಇನ್ನೊಂದು ಹಾಲ್ ಇದೆ ತಾಯಿ, ತೋರಿಸಲೇ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಮೊದಲು ಅಡುಗೆಮನೆ ತೋರಿಸಿರಿ ಅಂದೆ.

ಅಡುಗೆ ಮಾಡುತ್ತೇವೆಂದು ಬಂದವರೆಲ್ಲ ಪನೀರ್ ಪನೀರ್ ಅಂದರು. "ನಿಮ್ಮ ಮಂದಿ ಎಲ್ಲಿಯವರ್ರಿ?" ಎಂದು ಕೇಳಿದ್ದು ಕೃಷ್ಣಾಬಾಯಿ ಒಬ್ಬರೇ. ಅಫಜಲಪುರದಿಂದ ಬಂದು ಇಲ್ಲೇ ನೆಲೆಸಿದವರು. ಅರ್ಧ ಮಂದಿ ನಮ್ಮ ಕಡೆಯವರು ಅಂದೆ. "ಹಂಗಾದ್ರ ಅಲ್ಲೇ ಒಲಿ ಹೂಡಿ ಬಿಸಿ ರೊಟ್ಟಿ ಬಡದು ಹಾಕ್ತೀನ್ರಿ" ಅಂದರು. ನನ್ನ ಮನಸ್ಸು ತುಂಬಿತು. ಸಾಹೇಬರು ಮಾತ್ರ ಮುಖ ಸಣ್ಣದು ಮಾಡಿ, ಕೆಟ್ಟರೆ ಹೊಣೆ ನಿನ್ನದು ಎಂದರು.

ಹೋದ ರವಿವಾರ ಬೆಳಿಗ್ಗೆಯಿಂದಲೇ ಜಡಿಮಳೆ. ಬಸ್ಸು ಬರುವ ಹೊತ್ತು ಮೀರಿತು. ಕೊಡೆ ಹಿಡಿದು ಗೇಟಿನಲ್ಲಿ ನಿಂತೆ. ಒಳಗೆ ಹಾಸಿದ ಜಮಖಾನೆ, ಬೇಯುತ್ತಿರುವ ಅಡುಗೆ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಆವತ್ತು ಅಪ್ಪ ಇದೇ ಗೇಟಿನಲ್ಲಿ ಬೀಗರ ದಾರಿ ನೋಡುತ್ತ ನಿಂತಿದ್ದನಲ್ಲ, ಅವನಿಗೆ ಹೇಗಾಗಿರಬೇಕು ಎನ್ನುವುದು ಐದು ವರ್ಷದ ಮೇಲೆ ನನಗೆ ತಿಳಿಯಿತು. ಅವನು ಇದ್ದಿದ್ದರೆ ಹೇಳುತ್ತಿದ್ದೆ. ಪ್ರಲ್ಹಾದರಾವ್ ಬಂದು ಪಕ್ಕದಲ್ಲಿ ನಿಂತರು.

ಆಮೇಲೆ ಕಾತ್ರಜ್ ಕಡೆಯಿಂದ ಒಂದು ಬಸ್ಸು ಕಾಣಿಸಿತು. ಅದರ ಹಿಂದೆ ಇನ್ನೊಂದು. ಹಾಡುತ್ತ ಬಂದರು ಅವ್ವಾ! ಜಟ್ಟೆಪ್ಪ ಕಾಕಾ ಇಳಿಯುತ್ತಲೇ, "ಏನವಾ ಮಾಧುರಿ, ನಾವ್ ಬರಂಗಿಲ್ಲ ಅನ್ಕೊಂಡಿದ್ದೇನು?" ಅಂದ. "ಹೌದ್ರಿ ಕಾಕಾ" ಅಂದೆ. ಚೇಷ್ಟೆಗೆ ಹೇಳಿದೆನೆಂದು ತಿಳಿದು ನಕ್ಕ. ನಾನೂ ನಕ್ಕೆ.

ಹಳೆಯ ಕೆಲಸಗಾರರ ಹೆಸರು ಒಂದೊಂದಾಗಿ ಕರೆದು ಶಾಲು ಹೊದಿಸಿದ್ದು ನಾನೇ. ಆವತ್ತು ನಾನು ಬಾಸಿಂಗ ಕಟ್ಟಿಕೊಂಡು ಕೂತು ಕಾದ ವೇದಿಕೆ ಅದು ಎನ್ನುವುದು ಕೆಳಗಿಳಿದ ಮೇಲೆ ನೆನಪಾಯಿತು. ಅಷ್ಟು ಕೆಲಸವಿತ್ತು. ಸಾಹೇಬರು ಮತ್ತೊಂದು ರೊಟ್ಟಿಗೆ ಕೈಚಾಚಿ, ಮುಂದಿನ ವರ್ಷವೂ ಇಲ್ಲೇ ಅಂದರು.

ಇನ್ನು ನೀನು ನನ್ನಲ್ಲಿಗೆ ಬರುವಾಗ ಕಾರ್ಯಾಲಯದ ಆ ರಸ್ತೆ ತಪ್ಪಿಸಿ ಸುತ್ತಿ ಬರಬೇಡ. ಪ್ರಲ್ಹಾದರಾವ್ ನಿನ್ನನ್ನು ಚಹಾಕ್ಕೆ ಕರೆದಿದ್ದಾರೆ. ನಾನು ಆರಾಮ ಇದ್ದೇನೆ. ಇಷ್ಟು ದಿನ ನಿನ್ನ ಸಮಾಧಾನಕ್ಕೆ ಬರೆಯುತ್ತಿದ್ದ ಈ ಮಾತು ಈ ಸಲ ನಿಜವಾಗಿದೆ.

ನಿನ್ನ ಮಗಳು,
ಮಾಧುರಿ

ತಾ.ಕ.: ಮದುವೆಯ ಹಸಿರು ಸೀರೆಯನ್ನು ನಿನ್ನ ಟ್ರಂಕಿನಲ್ಲಿ ಹುಡುಕಬೇಡ. ಯುಗಾದಿಗೆ ಬಂದಾಗ ನಿನಗೆ ಗೊತ್ತಾಗದಂತೆ ತಂದಿದ್ದೆ. ರವಿವಾರ ಅದನ್ನೇ ಉಟ್ಟಿದ್ದೆ. ಸೆರಗಿಗೆ ಹೋಳಿಗೆಯ ತುಪ್ಪ ತಾಗಿದೆ, ಬೈಯಬೇಡ. ಎಲ್ಲರೂ ಚಂದ ಕಾಣುತ್ತೀ ಅಂದರು.